ಮನೆ ಸಾಲಕ್ಕೆ ಬ್ಯಾಂಕು ಜಾಸ್ತಿ ಬಡ್ಡಿ ಹಾಕಿದೆಯಾ? ತುಮಕೂರಿನಲ್ಲಿ ಕೂತು ದೂರು ಕೊಡುವ ಪೂರ್ತಿ ದಾರಿ

ನಾನು ಕ್ಯಾತ್ಸಂದ್ರದಲ್ಲಿ ಮನೆ ಕಟ್ಟಿಸಿದವನು. ನನ್ನ ಸಾಲದ ಒಪ್ಪಂದದಲ್ಲಿ ಬಡ್ಡಿ ‘ರೆಪೊ ದರದ ಮೇಲೆ 2.65’ ಅಂತ ಇದೆ. ರೆಪೊ ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ. 2025ರಲ್ಲಿ ಸೆಪ್ಟೆಂಬರ್‌ಗೆ ಮುಂಚೆ ರಿಸರ್ವ್ ಬ್ಯಾಂಕು ಫೆಬ್ರವರಿ, ಏಪ್ರಿಲ್, ಜೂನ್ ಹೀಗೆ ಮೂರು ಸಲ ರೆಪೊ ಇಳಿಸಿತು. 6.50 ಇದ್ದದ್ದು 5.50ಕ್ಕೆ ಬಂತು. ಸೆಪ್ಟೆಂಬರ್ ಕೊನೆಗೆ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ನನ್ನ ಬಡ್ಡಿ ಇನ್ನೂ 9.15ರಲ್ಲೇ ಕೂತಿತ್ತು.

ಶಾಖೆಗೆ ನಾಲ್ಕು ಸಲ ಹೋದೆ. “ಅದು ತಾನಾಗೇ ಸರಿಹೋಗುತ್ತೆ ಸಾರ್, ಸಿಸ್ಟಮ್‌ನಲ್ಲಿ ಬರುತ್ತೆ” ಅಂದರು. ಬರಲಿಲ್ಲ. ಐದನೇ ಸಲ ಬರಿಗೈಲಿ ಹೋಗಲಿಲ್ಲ. ಒಂದು ಹಾಳೆ ಲೆಕ್ಕ, ಒಂದು ಹಾಳೆ ಅರ್ಜಿ ಹಿಡಿದು ಹೋದೆ. ಇಪ್ಪತ್ತಾರನೇ ದಿನಕ್ಕೆ ದರ ಸರಿಯಾಯಿತು. ದುಡ್ಡೂ ವಾಪಸ್ ಬಂತು.

ಅಲ್ಲಿಂದೀಚೆಗೆ ನಮ್ಮ ಬೀದಿಯ ಒಂದಿಬ್ಬರಿಗೆ, ವಸಂತನರಸಾಪುರದ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ಇದೇ ಕೆಲಸಕ್ಕೆ ನೆರವಾಗಿದ್ದೇನೆ. ಪ್ರತಿಸಲ ಕಂಡದ್ದು ಒಂದೇ. ‘ಬಡ್ಡಿ ಜಾಸ್ತಿ ಹಾಕಿದ್ದಾರೆ’ ಅಂತ ಬಾಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಯಾವ ತಾರೀಕಿನಿಂದ ಎಷ್ಟು ದರ ಇರಬೇಕಿತ್ತು, ಎಷ್ಟು ಹಾಕಿದ್ದೀರಿ, ಅದರಿಂದ ಎಷ್ಟು ರೂಪಾಯಿ ಹೆಚ್ಚಾಗಿ ಹೋಗಿದೆ. ಈ ಮೂರು ಕಾಗದದ ಮೇಲೆ ಬಂದ ದಿನ ಬ್ಯಾಂಕು ಉತ್ತರ ಕೊಡಲೇಬೇಕಾಗುತ್ತದೆ.

ಮೊದಲು ಕಾಗದ ಕೂಡಿಸಿ

ಬೇಕಾಗಿರುವುದು ನಾಲ್ಕು. ಸಾಲ ಮಂಜೂರಾತಿ ಪತ್ರ, ಸಹಿ ಹಾಕಿದ ಸಾಲದ ಒಪ್ಪಂದ, ಮೊದಲ ದಿನದಿಂದ ಇವತ್ತಿನವರೆಗಿನ ಸಾಲದ ಸ್ಟೇಟ್‌ಮೆಂಟ್, ಮತ್ತು ದರ ಯಾವ ಯಾವ ದಿನ ಬದಲಾಯಿತು ಅನ್ನುವ ಪಟ್ಟಿ. 2024ರ ಅಕ್ಟೋಬರ್ 1ರ ನಂತರ ಸಾಲ ಪಡೆದಿದ್ದರೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅನ್ನುವ ಹಾಳೆಯೂ ನಿಮಗೆ ಸಿಕ್ಕಿರಬೇಕು. ದರ, ಶುಲ್ಕ, ಕಂತು ಎಲ್ಲ ಅದರಲ್ಲಿ ಒಂದೇ ಕಡೆ ಇರುತ್ತದೆ.

ಒಪ್ಪಂದದ ಪ್ರತಿ ಮನೆಯಲ್ಲಿ ಇರುವುದಿಲ್ಲ ಅನ್ನುವವರೇ ಜಾಸ್ತಿ. ಸಹಿ ಹಾಕಿದ ದಿನ ಯಾರೂ ಕೇಳುವುದಿಲ್ಲ. ಚಿಂತೆ ಬೇಡ. ಸಾಲಗಾರನಿಗೆ ಅದರ ಪ್ರತಿ ಕೊಡಬೇಕು ಅಂತ ನಿಯಮವೇ ಇದೆ. ಎರಡು ಸಾಲಿನ ಅರ್ಜಿ ಬರೆದು ಕೇಳಿ.

ದರ ಬದಲಾವಣೆಯ ಪಟ್ಟಿ ಕೊಡಲು ಕೆಲವು ಶಾಖೆಗಳಲ್ಲಿ ಸತಾಯಿಸುತ್ತಾರೆ. ಆಗ ಹೀಗೆ ಹೇಳಿ: “ಮೇಡಂ, ಮೂರು ತಿಂಗಳಿಗೊಮ್ಮೆ ಕೊಡಬೇಕಾದ ಸ್ಟೇಟ್‌ಮೆಂಟ್ ನನಗೆ ಬಂದಿಲ್ಲ, ಅದನ್ನು ಕೊಡಿ.” 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಅಸಲು ಎಷ್ಟು ಕಟ್ಟಿಯಾಗಿದೆ, ಬಡ್ಡಿ ಎಷ್ಟು ಹೋಗಿದೆ, ಇನ್ನೆಷ್ಟು ಕಂತು ಬಾಕಿ, ವಾರ್ಷಿಕ ದರ ಎಷ್ಟು ಅನ್ನುವುದನ್ನು ಪ್ರತಿ ತ್ರೈಮಾಸಿಕಕ್ಕೆ ಸಾಲಗಾರನಿಗೆ ತಿಳಿಸಬೇಕು.

ನಿಮ್ಮ ಸಾಲ ಯಾವ ಗುಂಪಿನದು?

ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು. ರೆಪೊ ಇಳಿದ ಸುದ್ದಿ ಟಿವಿಯಲ್ಲಿ ನೋಡಿ ‘ನನಗೂ ಇಳಿಯಬೇಕು’ ಅಂತ ಬ್ಯಾಂಕಿಗೆ ಓಡಿದವರಲ್ಲಿ ಕೆಲವರ ಸಾಲ ರೆಪೊಗೆ ಸೇರಿರುವುದೇ ಇಲ್ಲ.

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ದರದ ಮನೆ ಸಾಲ ಹೊರಗಿನ ಒಂದು ಮಾನದಂಡಕ್ಕೆ ಸೇರಿರಬೇಕು. ಸಾಮಾನ್ಯವಾಗಿ ಅದು ರೆಪೊ. ದರವನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ಹೊಂದಿಸಬೇಕು. ಇದನ್ನೇ ರೀಸೆಟ್ ಅನ್ನುವುದು. ರೆಪೊ ಮೇಲೆ ಕೂಡಿಸುವ ಭಾಗಕ್ಕೆ ಸ್ಪ್ರೆಡ್ ಅನ್ನುತ್ತಾರೆ. ಬ್ಯಾಂಕು ತನ್ನಿಷ್ಟ ಬಂದಾಗಲೆಲ್ಲ ಸ್ಪ್ರೆಡ್ ಏರಿಸುವಂತಿಲ್ಲ. ಅದರಲ್ಲಿ ನಿಮ್ಮ ಸಾಲದ ಅಪಾಯಕ್ಕೆ ಅಂತ ಸೇರಿಸಿದ ಪಾಲು ಇರುತ್ತದೆ. ನಿಮ್ಮ ಸಾಲ ತೀರಿಸುವ ಅರ್ಹತೆಯಲ್ಲಿ ದೊಡ್ಡ ಬದಲಾವಣೆ ಆದಾಗ ಮಾತ್ರ, ಒಪ್ಪಂದದಲ್ಲಿ ಹೇಳಿದ ಹಾಗೆ, ಆ ಪಾಲನ್ನು ಬದಲಿಸಬಹುದು. ಮಿಕ್ಕ ಪಾಲನ್ನು ಮೂರು ವರ್ಷದೊಳಗೆ ಏರಿಸುವ ಹಾಗಿಲ್ಲ.

2016ರ ಏಪ್ರಿಲ್‌ನಿಂದ 2019ರ ಸೆಪ್ಟೆಂಬರ್‌ವರೆಗಿನ ಸಾಲ ಎಂಸಿಎಲ್‌ಆರ್ ಗುಂಪಿನದು. ಅದಕ್ಕೂ ಹಿಂದೆ, 2010ರ ಜುಲೈನಿಂದ ಬೇಸ್ ರೇಟ್. ಇವೆರಡೂ ಬ್ಯಾಂಕಿನ ಸ್ವಂತ ಮೂಲ ದರಗಳು, ಆಯಾ ಬ್ಯಾಂಕೇ ಲೆಕ್ಕ ಹಾಕಿ ಪ್ರಕಟಿಸುತ್ತದೆ. ಎಂಸಿಎಲ್‌ಆರ್ ಸಾಲಕ್ಕೆ ಬಹಳಷ್ಟು ಕಡೆ ವರ್ಷಕ್ಕೊಮ್ಮೆ ರೀಸೆಟ್. ಆದ್ದರಿಂದ ನಿಮ್ಮ ರೀಸೆಟ್ ದಿನ ಬ್ಯಾಂಕಿನ ಎಂಸಿಎಲ್‌ಆರ್ ಎಷ್ಟಿತ್ತು ಅಂತ ನೋಡಿ ಲೆಕ್ಕ ಹಾಕಬೇಕು, ರೆಪೊ ನೋಡಿ ಅಲ್ಲ. ಹಳೆ ಗುಂಪಿನಲ್ಲಿದ್ದರೆ ರೆಪೊಗೆ ಬದಲಾಯಿಸಿಕೊಳ್ಳಲು ಒಂದು ಅರ್ಜಿ ಕೊಡಿ. ಇದಕ್ಕೆ ಸಣ್ಣ ಆಡಳಿತ ಅಥವಾ ಕಾನೂನು ಖರ್ಚು ಬಿಟ್ಟರೆ ಬೇರೆ ಶುಲ್ಕ ಕೇಳಬಾರದು. ನನ್ನ ಮಾತು ಕೇಳುವುದಾದರೆ ಬಹಳ ಹಳೆಯ ಬೇಸ್ ರೇಟ್ ಸಾಲ ಇರುವವರು ಜಗಳಕ್ಕಿಂತ ಮೊದಲು ಈ ಅರ್ಜಿ ಹಾಕಬೇಕು. ಹಿಂದಿನದನ್ನು ವಾಪಸ್ ಪಡೆಯುವುದಕ್ಕಿಂತ ಮುಂದಿನದನ್ನು ಉಳಿಸುವುದು ಬೇಗ ಆಗುತ್ತದೆ.

ಹೌಸಿಂಗ್ ಫೈನಾನ್ಸ್ ಕಂಪನಿಯ ಸಾಲಕ್ಕೆ ಈ ರೆಪೊ ನಿಯಮ ಇಲ್ಲ. ಅಲ್ಲಿ ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ ಆಧಾರ.

ಲೆಕ್ಕ ಹಾಕುವುದು

ಹೆದರಬೇಡಿ. ಏಳನೇ ಕ್ಲಾಸಿನ ಬಡ್ಡಿ ಲೆಕ್ಕ ಸಾಕು. ಬಾಕಿ ಅಸಲನ್ನು ದರದಿಂದ ಗುಣಿಸಿ, 100ರಿಂದ ಭಾಗಿಸಿ, ಮತ್ತೆ 12ರಿಂದ ಭಾಗಿಸಿ. ಅದು ಆ ತಿಂಗಳ ಬಡ್ಡಿ. ಬ್ಯಾಂಕು ದಿನದ ಲೆಕ್ಕದಲ್ಲಿ ಹಾಕುತ್ತಿದ್ದರೆ ಕೆಲವು ರೂಪಾಯಿ ಹೆಚ್ಚುಕಮ್ಮಿ ಬರುತ್ತದೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ನನ್ನದನ್ನೇ ಹೇಳುತ್ತೇನೆ. ಬಾಕಿ ಸುಮಾರು 23 ಲಕ್ಷ ಇತ್ತು. ರೀಸೆಟ್ ದಿನಗಳು ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 2025ರ ಏಪ್ರಿಲ್ 1ಕ್ಕೆ ರೆಪೊ 6.25 ಇತ್ತು, ಹಾಗಾಗಿ ದರ 8.90 ಆಗಬೇಕಿತ್ತು. ಹಾಕಿದ್ದು 9.15. ಕಾಲು ಪರ್ಸೆಂಟ್ ವ್ಯತ್ಯಾಸ, ಮೂರು ತಿಂಗಳಿಗೆ ಸುಮಾರು 1,437 ರೂಪಾಯಿ. ಜುಲೈ 1ಕ್ಕೆ ರೆಪೊ 5.50, ದರ 8.15 ಆಗಬೇಕಿತ್ತು. ಹಾಕಿದ್ದು ಅದೇ 9.15. ಪೂರ್ತಿ ಒಂದು ಪರ್ಸೆಂಟ್. ಮೂರು ತಿಂಗಳಿಗೆ 5,750. ಸೆಪ್ಟೆಂಬರ್ ಕೊನೆಗೆ ಒಟ್ಟು 7,187 ರೂಪಾಯಿ.

ಇಷ್ಟೇನಾ ಅನ್ನಿಸಬಹುದು. ಇದು ಆರೇ ತಿಂಗಳದು. ಹಾಗೇ ಬಿಟ್ಟಿದ್ದರೆ ವರ್ಷಕ್ಕೆ 23,000 ಹೋಗುತ್ತಿತ್ತು. ಇನ್ನೊಂದು ವಿಷಯ ಗಮನಿಸಿ. ಏಪ್ರಿಲ್ 9ರಂದು ರೆಪೊ ಮತ್ತೆ ಇಳಿದು 6.00 ಆಯಿತು. ನಾನು ಅದನ್ನು ಏಪ್ರಿಲ್‌ನಿಂದಲೇ ಕೇಳಲಿಲ್ಲ. ಮುಂದಿನ ರೀಸೆಟ್‌ವರೆಗೆ ಕಾಯಲು ಬ್ಯಾಂಕಿಗೆ ಅವಕಾಶ ಇದೆ. ನಮ್ಮದಲ್ಲದ್ದನ್ನು ಸೇರಿಸಿ ಕೇಳಿದರೆ ನಮ್ಮದೂ ಅನುಮಾನಕ್ಕೆ ಬೀಳುತ್ತದೆ.

ಕಂತು ಬದಲಾಗಿಲ್ಲ, ಹಾಗಾಗಿ ಎಲ್ಲ ಸರಿ ಇದೆ ಅಂದುಕೊಂಡು ಮೋಸ ಹೋಗುವುದೇ ಹೆಚ್ಚು. 2022ರ ಜನವರಿಯಲ್ಲಿ ರೆಪೊ 4.00 ಇದ್ದಾಗ ಒಬ್ಬರು 6.65ರ ದರದಲ್ಲಿ 25 ಲಕ್ಷ, 20 ವರ್ಷಕ್ಕೆ ತೆಗೆದುಕೊಂಡರು ಅಂತ ಇಟ್ಟುಕೊಳ್ಳಿ. ಕಂತು ಸುಮಾರು 18,861. ಆ ವರ್ಷ ಮೇ ತಿಂಗಳಿನಿಂದ ರೆಪೊ ಏರುತ್ತಾ ಹೋಗಿ 2023ರ ಫೆಬ್ರವರಿಗೆ 6.50 ಮುಟ್ಟಿತು. ದರ 9.15. ಬಾಕಿ 24 ಲಕ್ಷದ 50 ಸಾವಿರ ಇದ್ದರೆ ತಿಂಗಳ ಬಡ್ಡಿಯೇ 18,681. ಹಳೆಯ ಕಂತೇ ಮುಂದುವರಿದರೆ ಅಸಲಿಗೆ ಹೋಗುವುದು ತಿಂಗಳಿಗೆ 180 ರೂಪಾಯಿ! ಒಬ್ಬ ಮನುಷ್ಯ ಹೊಟ್ಟೆ ಬಟ್ಟೆ ಕಟ್ಟಿ ತಿಂಗಳು ತಿಂಗಳು ಕಟ್ಟುತ್ತಾನೆ, ಸಾಲ ಇದ್ದಲ್ಲೇ ಇರುತ್ತದೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಇಲ್ಲಿ ದರ ತಪ್ಪಿಲ್ಲದೇ ಇರಬಹುದು. ಆದರೆ ಮೇಲೆ ಹೇಳಿದ 2023ರ ಸುತ್ತೋಲೆಯ ಪ್ರಕಾರ ದರ ಏರಿದಾಗ ಬ್ಯಾಂಕು ನಿಮಗೆ ತಿಳಿಸಬೇಕು. ಕಂತು ಏರಿಸಬೇಕೋ, ಅವಧಿ ಉದ್ದ ಮಾಡಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಅಂತ ಕೇಳಬೇಕು. ಬಡ್ಡಿಯೂ ತುಂಬದಷ್ಟು ಕಂತು ಸಣ್ಣದಾಗಬಾರದು. ಕೇಳದೆ ಅವಧಿ ಎಳೆದಿದ್ದರೆ ಅದೇ ನಿಮ್ಮ ದೂರು.

ದರ ಸರಿ ಇದ್ದೂ ದುಡ್ಡು ಹೋಗುವ ಇನ್ನೂ ಕೆಲವು ಜಾಗ ಇವೆ. ಸಾಲದ ಹಣ ಕೈಗೆ ಬರುವ ಮುಂಚೆ, ಮಂಜೂರಾದ ಅಥವಾ ಸಹಿ ಹಾಕಿದ ದಿನದಿಂದಲೇ ಬಡ್ಡಿ ಹಾಕುವುದು. ಚೆಕ್ ಬರೆದ ದಿನದಿಂದ ಹಾಕಿ, ಚೆಕ್ ಕೊಡುವುದು ಎಷ್ಟೋ ದಿನ ಆದಮೇಲೆ. ತಿಂಗಳ ಮಧ್ಯೆ ಹಣ ಕೊಟ್ಟು ಪೂರ್ತಿ ತಿಂಗಳ ಬಡ್ಡಿ ವಸೂಲಿ. 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕು ಇವನ್ನೆಲ್ಲ ಹೆಸರಿಸಿ, ಇದು ಸರಿಯಲ್ಲ ಅಂದಿದೆ. ಹಂತ ಹಂತವಾಗಿ, ಅಂದರೆ ಪಾಯ, ಲಿಂಟಲ್, ಮೋಲ್ಡು ಅಂತ ಹಣ ಬಿಡುಗಡೆ ಮಾಡಿಸಿಕೊಂಡವರು ಈ ತಾರೀಕುಗಳನ್ನು ಒಂದೊಂದಾಗಿ ನೋಡಿ. ಕಂತು ತಡವಾದಾಗ ಹಾಕುವ ದಂಡವನ್ನೂ ನೋಡಿ. ಈಗಿನ ನಿಯಮದಲ್ಲಿ ದಂಡವನ್ನು ಶುಲ್ಕವಾಗಿ ಮಾತ್ರ ಹಾಕಬೇಕು, ಬಡ್ಡಿದರಕ್ಕೆ ಸೇರಿಸಬಾರದು, ಅದರ ಮೇಲೆ ಮತ್ತೆ ಬಡ್ಡಿ ಎಳೆಯಬಾರದು. ಸಾಲದ ಜೊತೆ ವಿಮೆ ಪ್ರೀಮಿಯಂ ಸೇರಿಸಿ ಅಸಲನ್ನೇ ಉಬ್ಬಿಸಿರುವುದೂ ಉಂಟು. ನೀವು ಒಪ್ಪಿ ಸಹಿ ಹಾಕಿದ್ದೀರಾ ನೋಡಿಕೊಳ್ಳಿ.

ಅರ್ಜಿ ಬರೆಯುವುದು

ಕನ್ನಡದಲ್ಲೇ ಬರೆಯಿರಿ. ಒಂದು ಪುಟ ದಾಟಬಾರದು. ಕೋಪ ಎಲ್ಲ ಮನೆಯಲ್ಲೇ ಇಳಿಸಿ ಬನ್ನಿ, ಅರ್ಜಿಯಲ್ಲಿ ಲೆಕ್ಕ ಮಾತ್ರ ಇರಲಿ. ನನ್ನ ಅರ್ಜಿ ಹೆಚ್ಚುಕಡಿಮೆ ಹೀಗಿತ್ತು:

“ಇವರಿಗೆ: ಶಾಖಾ ವ್ಯವಸ್ಥಾಪಕರು. ವಿಷಯ: ಮನೆ ಸಾಲ ಖಾತೆಗೆ ಒಪ್ಪಂದಕ್ಕಿಂತ ಹೆಚ್ಚು ಬಡ್ಡಿ ಹಾಕಿರುವ ಬಗ್ಗೆ ದೂರು.

ಮಾನ್ಯರೆ, ನನ್ನ ಸಾಲದ ಒಪ್ಪಂದದ ಪ್ರಕಾರ ಬಡ್ಡಿ ರೆಪೊ ದರದ ಮೇಲೆ ಶೇ. 2.65. ಮೂರು ತಿಂಗಳಿಗೊಮ್ಮೆ ದರ ಹೊಂದಿಸಬೇಕು. 2025ರ ಏಪ್ರಿಲ್ 1ರಿಂದ ಶೇ. 8.90, ಜುಲೈ 1ರಿಂದ ಶೇ. 8.15 ಆಗಬೇಕಿತ್ತು. ಆದರೆ ಖಾತೆಯಲ್ಲಿ ಶೇ. 9.15 ಮುಂದುವರಿದಿದೆ. ಇದರಿಂದ ಸೆಪ್ಟೆಂಬರ್ 30ರವರೆಗೆ ಸುಮಾರು 7,187 ರೂ. ಹೆಚ್ಚಾಗಿ ಪಡೆಯಲಾಗಿದೆ. ಲೆಕ್ಕದ ಹಾಳೆ ಲಗತ್ತಿಸಿದ್ದೇನೆ.

ದಯವಿಟ್ಟು 1) ಆಯಾ ತಾರೀಕಿನಿಂದ ದರ ಸರಿಪಡಿಸಿ, 2) ಹೆಚ್ಚುವರಿ ಮೊತ್ತವನ್ನು ಹಿಂದಿನ ತಾರೀಕಿನಿಂದಲೇ ಸಾಲದ ಖಾತೆಗೆ ಜಮಾ ಮಾಡಿ, 3) ಹೊಸ ಕಂತಿನ ಪಟ್ಟಿ ಕೊಡಿ. ನನ್ನ ಲೆಕ್ಕ ತಪ್ಪಿದ್ದರೆ ತಮ್ಮ ಲೆಕ್ಕವನ್ನು ಬರವಣಿಗೆಯಲ್ಲಿ ಕೊಡಬೇಕಾಗಿ ವಿನಂತಿ.”

ಕೊನೆಯ ವಾಕ್ಯ ಬಿಡಬೇಡಿ. ಅದರಿಂದ ಲೆಕ್ಕ ತೋರಿಸುವ ಹೊಣೆ ಅವರ ಕಡೆಗೆ ಹೋಗುತ್ತದೆ. ‘ಹಿಂದಿನ ತಾರೀಕಿನಿಂದಲೇ’ ಅನ್ನುವುದೂ ಮುಖ್ಯ. ಇಲ್ಲದಿದ್ದರೆ ಆ ಹಣದ ಮೇಲೆ ಇಷ್ಟು ದಿನ ನೀವು ಕಟ್ಟಿದ ಬಡ್ಡಿ ಹಾಗೇ ಉಳಿದುಬಿಡುತ್ತದೆ.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಬ್ಯಾಂಕಿನ ಸೀಲ್, ತಾರೀಕು, ಸಹಿ ಹಾಕಿಸಿಕೊಳ್ಳಿ. “ಇಟ್ಟು ಹೋಗಿ ಸಾರ್, ನೋಡ್ತೀವಿ” ಅಂದರೆ ಇಟ್ಟು ಬರಬೇಡಿ. ಸೀಲ್ ಹಾಕಲು ಒಪ್ಪದಿದ್ದರೆ ಜಗಳ ಬೇಡ. ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಬ್ಯಾಂಕಿನ ವೆಬ್‌ಸೈಟಿನ ದೂರು ವಿಭಾಗದಲ್ಲೂ ಹಾಕಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅವತ್ತಿನಿಂದ 30 ದಿನ ಎಣಿಸಿ.

ಈ ನಡುವೆ ಕಂತು ಮಾತ್ರ ನಿಲ್ಲಿಸಬೇಡಿ. ಸಿಟ್ಟಿನಲ್ಲಿ ನಿಲ್ಲಿಸಿದವರನ್ನು ನೋಡಿದ್ದೇನೆ. 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ, ಸಿಬಿಲ್ ಹಾಳಾಗುತ್ತದೆ, ಆಮೇಲೆ ಮನೆ ಜಪ್ತಿಯ ನೋಟಿಸು ಬರಬಹುದು. ದೂರುದಾರ ಸುಸ್ತಿದಾರ ಆಗಿಬಿಟ್ಟರೆ ಅವನ ಲೆಕ್ಕ ಎಷ್ಟೇ ಸರಿ ಇದ್ದರೂ ಕೇಳುವವರಿಲ್ಲ.

ಶಾಖೆಯಲ್ಲಿ ಆಗದಿದ್ದರೆ

ಹತ್ತು ಹದಿನೈದು ದಿನ ಕಾದು ಅದೇ ಅರ್ಜಿಯನ್ನು ಬ್ಯಾಂಕಿನ ಪ್ರಾದೇಶಿಕ ಕಚೇರಿಗೆ ಮತ್ತು ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಕಳಿಸಿ. ಇವರ ವಿವರ ಶಾಖೆಯ ಫಲಕದಲ್ಲಿ, ವೆಬ್‌ಸೈಟಿನಲ್ಲಿ ಇರಲೇಬೇಕು. ನಿಜ ಹೇಳಬೇಕೆಂದರೆ ಶಾಖೆಯ ಮ್ಯಾನೇಜರ್ ಕೈಯಲ್ಲಿ ಎಷ್ಟೋ ಸಲ ಏನೂ ಇರುವುದಿಲ್ಲ, ದರ ಬದಲಿಸುವುದು ಮೇಲಿನವರೇ. ನಿಮ್ಮ ದೂರನ್ನು ತಿರಸ್ಕರಿಸುವ ಮುಂಚೆ ಬ್ಯಾಂಕು ಅದನ್ನು ತನ್ನೊಳಗೇ ದೂರು ಪರಿಶೀಲಿಸುವ ಆಂತರಿಕ ಓಂಬುಡ್ಸ್‌ಮನ್ ಮುಂದೆ ಇಡಬೇಕು. ನೀವು ಅವರ ಹತ್ತಿರ ನೇರ ಹೋಗುವ ಹಾಗಿಲ್ಲ. ಆದರೆ ತಿರಸ್ಕಾರದ ಪತ್ರ ಬಂದರೆ ‘ಇದನ್ನು ಆಂತರಿಕ ಓಂಬುಡ್ಸ್‌ಮನ್ ನೋಡಿದ್ದಾರಾ’ ಅಂತ ಕೇಳಬಹುದು.

ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್

ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಒಪ್ಪಿಗೆ ಇಲ್ಲ ಅಂದರೆ ಇಲ್ಲಿಗೆ ಬನ್ನಿ. ನೇರ ಇಲ್ಲಿಗೇ ಬಂದರೆ ದೂರು ಬಿದ್ದುಹೋಗುತ್ತದೆ. ಆ ಸೀಲ್ ಹಾಕಿಸಿದ ಪ್ರತಿಯ ಬೆಲೆ ಗೊತ್ತಾಗುವುದು ಇಲ್ಲೇ.

ಒಂದೇ ಪೈಸೆ ಖರ್ಚಿಲ್ಲ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ಅನ್ನುವ ತಾಣಕ್ಕೆ ಹೋಗಿ. ಮೊಬೈಲಿಗೆ ಒಟಿಪಿ ಬರುತ್ತದೆ. ಬ್ಯಾಂಕಿನ ಹೆಸರು ಆರಿಸಿ, ದೂರಿನ ಸಾರ ಬರೆದು, ಅರ್ಜಿಯ ಪ್ರತಿ, ಬ್ಯಾಂಕಿನ ಉತ್ತರ, ಲೆಕ್ಕದ ಹಾಳೆ, ಒಪ್ಪಂದದ ಬಡ್ಡಿ ಪುಟ ಇವನ್ನು ಸೇರಿಸಿ. ಪೂರ್ತಿ ಒಪ್ಪಂದ ಸ್ಕ್ಯಾನ್ ಮಾಡಿ ತುಂಬಬೇಡಿ, ಬೇಕಾದ ಪುಟದಲ್ಲಿ ಬೇಕಾದ ಸಾಲಿಗೆ ಗೆರೆ ಎಳೆದರೆ ಸಾಕು. ಕಂಪ್ಯೂಟರ್ ಆಗದವರು ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಅಂಚೆಯ ದೂರು ಯಾವ ಭಾಷೆಯಲ್ಲಿದ್ದರೂ ತೆಗೆದುಕೊಳ್ಳುತ್ತಾರೆ. ಅನುಮಾನ ಇದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು.

ವಕೀಲರ ಮೂಲಕ ಇಲ್ಲಿ ದೂರು ಕೊಡುವ ಹಾಗಿಲ್ಲ, ನೀವೇ ಕೊಡಬೇಕು. ಅದೇ ವಿಷಯ ಕೋರ್ಟಿನಲ್ಲೋ ಗ್ರಾಹಕ ಆಯೋಗದಲ್ಲೋ ನಡೆಯುತ್ತಿದ್ದರೆ ಇವರು ಮುಟ್ಟುವುದಿಲ್ಲ. ‘ಓಂಬುಡ್ಸ್‌ಮನ್ ಹತ್ತಿರ ಕೆಲಸ ಮಾಡಿಸಿಕೊಡುತ್ತೇವೆ, ಇಷ್ಟು ಕೊಡಿ’ ಅಂತ ಫೋನ್ ಮಾಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ದೂರಿನ ಮಾತು ಹೇಗಿರಬೇಕು ಅನ್ನುವುದನ್ನು ಒತ್ತಿ ಹೇಳುತ್ತೇನೆ. ‘ಪಕ್ಕದ ಬ್ಯಾಂಕಿನಲ್ಲಿ ಕಡಿಮೆ ಇದೆ, ನನಗೆ ಸ್ಪ್ರೆಡ್ ಜಾಸ್ತಿ ಇಟ್ಟಿದ್ದಾರೆ’ ಅಂದರೆ ಅದು ಬ್ಯಾಂಕಿನ ವ್ಯಾಪಾರದ ತೀರ್ಮಾನ ಅಂತ ದೂರು ಮುಚ್ಚುತ್ತಾರೆ. ‘ಒಪ್ಪಂದದಲ್ಲಿ ಇಷ್ಟಿದೆ, ಹಾಕಿದ್ದು ಇಷ್ಟು’ ಅಂದರೆ ಅದು ಸೇವೆಯ ಲೋಪ, ವಿಚಾರಣೆ ಮಾಡಲೇಬೇಕು. ಬಹಳಷ್ಟು ದೂರು ರಾಜಿಯಲ್ಲೇ ಮುಗಿಯುತ್ತವೆ. 2021ರ ಓಂಬುಡ್ಸ್‌ಮನ್ ಯೋಜನೆಯಲ್ಲಿ ನಷ್ಟಕ್ಕೆ 20 ಲಕ್ಷದವರೆಗೆ, ಅದರ ಜೊತೆ ಓಡಾಟ ಮತ್ತು ಮಾನಸಿಕ ಹಿಂಸೆಗೆ 1 ಲಕ್ಷದವರೆಗೆ ಪರಿಹಾರ ಇತ್ತು. ಮಿತಿ, ಗಡುವು ಯೋಜನೆ ಬದಲಾದಾಗ ಬದಲಾಗುತ್ತವೆ. ದೂರು ಹಾಕುವ ದಿನ ಅದೇ ತಾಣದಲ್ಲಿ ನೋಡಿಕೊಳ್ಳಿ. ಬ್ಯಾಂಕಿನ ಉತ್ತರ ಬಂದ ವಾರದಲ್ಲೇ ಹಾಕಿಬಿಟ್ಟರೆ ಗಡುವಿನ ಗೊಡವೆಯೇ ಇಲ್ಲ.

ಬ್ಯಾಂಕು ಅಲ್ಲದಿದ್ದರೆ

ಹೌಸಿಂಗ್ ಫೈನಾನ್ಸ್ ಕಂಪನಿ ಆಗಿದ್ದರೆ, ಮೊದಲು ಕಂಪನಿಗೆ ಬರೆದು, ಆಮೇಲೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ‘ಗ್ರಿಡ್ಸ್’ ತಾಣದಲ್ಲಿ ದೂರು ಹಾಕಿ. ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕುಗಳನ್ನು 2025ರ ನವೆಂಬರ್ 1ರಿಂದ ಓಂಬುಡ್ಸ್‌ಮನ್ ಯೋಜನೆಗೆ ಸೇರಿಸಿದ್ದಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಂದ ಸಾಲ ಪಡೆದವರೂ ಬಹಳ ಇದ್ದಾರೆ. ಅವು ರಿಸರ್ವ್ ಬ್ಯಾಂಕಿನ ಕೈಕೆಳಗೆ ಬರುವುದಿಲ್ಲ. ಸಹಕಾರ ಸಂಘಗಳಿಗೆ 1959ರ ಕಾಯ್ದೆ, ಸೌಹಾರ್ದಗಳಿಗೆ 1997ರ ಕಾಯ್ದೆ. ಸಹಕಾರ ಸಂಘದ ತಕರಾರಿಗೆ 70ನೇ ಕಲಂನಲ್ಲಿ ದಾರಿ ಇದೆ. ಎರಡಕ್ಕೂ ತುಮಕೂರಿನ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯಿಂದ ಶುರು ಮಾಡಿ.

ಗ್ರಾಹಕ ಆಯೋಗ

ಓಂಬುಡ್ಸ್‌ಮನ್ ಹತ್ತಿರ ಆಗಲಿಲ್ಲ ಅಂದರೆ ದಾರಿ ಮುಚ್ಚಿತು ಅಂತಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬ್ಯಾಂಕಿನ ಮುಖ್ಯ ಕಚೇರಿ ಮುಂಬೈಯಲ್ಲಿರಲಿ, ಎಲ್ಲೇ ಇರಲಿ, ಪಾವಗಡದವರೂ ಮಧುಗಿರಿಯವರೂ ತುಮಕೂರಿನ ಜಿಲ್ಲಾ ಆಯೋಗಕ್ಕೆ ಬಂದರೆ ಸಾಕು. ಘಟನೆ ಆದ ಎರಡು ವರ್ಷದೊಳಗೆ ಕೊಡಬೇಕು. ಓಂಬುಡ್ಸ್‌ಮನ್ ಹತ್ತಿರ ಕಾಯುತ್ತಾ ಈ ಎರಡು ವರ್ಷ ಜಾರಿಹೋಗದ ಹಾಗೆ ನೋಡಿಕೊಳ್ಳಿ. ‘ಇ-ಜಾಗೃತಿ’ ತಾಣದಲ್ಲೂ ಹಾಕಬಹುದು. ವಕೀಲರಿಲ್ಲದೆ ನೀವೇ ವಾದಿಸಬಹುದು. ಆದರೆ ಮೊತ್ತ ದೊಡ್ಡದಿದ್ದರೆ ವಕೀಲರನ್ನು ಇಟ್ಟುಕೊಳ್ಳುವುದೇ ಒಳ್ಳೆಯದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ ಕೇಳಿ.

ದುಡ್ಡು ವಾಪಸ್ ಬಂದಾಗ

‘ಸರಿಯಾಗಿದೆ ಸಾರ್’ ಅನ್ನುವ ಫೋನ್ ನಂಬಿ ಕೂರಬೇಡಿ. ಹೊಸ ಸ್ಟೇಟ್‌ಮೆಂಟ್ ತೆಗೆಸಿ. ಜಮಾ ಯಾವ ತಾರೀಕಿನಿಂದ ಲೆಕ್ಕಕ್ಕೆ ಬಂದಿದೆ, ಅಸಲು ಎಷ್ಟು ಇಳಿದಿದೆ, ಉಳಿದ ಕಂತು ಎಷ್ಟು ಅಂತ ನೋಡಿ. ಅರ್ಧ ಮೊತ್ತ ಕೊಟ್ಟು ‘ನನ್ನ ದೂರು ಪೂರ್ತಿ ಇತ್ಯರ್ಥವಾಗಿದೆ’ ಅನ್ನುವ ಪತ್ರಕ್ಕೆ ಸಹಿ ಕೇಳಿದರೆ ಹಾಕಬೇಡಿ. ಬೇಕಿದ್ದರೆ ‘ಇಷ್ಟು ರೂಪಾಯಿ ಬಂದಿದೆ, ಇಷ್ಟು ಬಾಕಿ ಇದೆ’ ಅಂತ ಕೈಯಲ್ಲೇ ಬರೆದು ಸಹಿ ಹಾಕಿ. ನನಗೆ ಮೊದಲು ಸಿಕ್ಕಿದ್ದು 5,750 ಮಾತ್ರ. ಏಪ್ರಿಲ್‌ನಿಂದ ಜೂನ್‌ವರೆಗಿನದು ಬಿಟ್ಟುಹೋಗಿತ್ತು. ಲೆಕ್ಕದ ಹಾಳೆಯ ಮೊದಲ ಸಾಲನ್ನು ತೋರಿಸಿದೆ, ಎರಡೇ ದಿನಕ್ಕೆ ಅದೂ ಬಂತು.

2025ರ ಡಿಸೆಂಬರ್ 5ರಂದು ರೆಪೊ ಮತ್ತೆ ಇಳಿದು 5.25 ಆಯಿತು. ನನ್ನ ದರ ಜನವರಿ 1ರಿಂದ 7.90 ಆಗಬೇಕಿತ್ತು, ಆಗಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ನಾಲ್ಕೂ ರೀಸೆಟ್ ದಿನಗಳಿಗೆ ನನ್ನ ಹೆಂಡತಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾಳೆ.